ಮುಳುಗಿದ ಸಬ್‌ಮರೀನ್‌ನ ಜಾಡು ಹಿಡಿಯುವುದು ಹೇಗೆ

ಯುದ್ಧದಲ್ಲಿ ಮುಳುಗಿದ ಯಾವುದಾದರೂ ಸಬ್‌ಮರೀನ್ ಹೆಸರು ಹಾಕಿ ನೆಟ್‌ನಲ್ಲಿ ಹುಡುಕಿ ನೋಡಿ. ಮಾಹಿತಿಗೇನೂ ಬರ ಇಲ್ಲ. ಒಂದು ಕಡೆ ನಾಲ್ಕು ಹಡಗು ಮುಳುಗಿಸಿತು ಅಂತ ಇರುತ್ತದೆ, ಇನ್ನೊಂದು ಕಡೆ ಮೂರು. ಒಬ್ಬರು ಮೈನ್ ಸಿಡಿದು ಹೋಯಿತು ಅಂತಾರೆ, ಇನ್ನೊಬ್ಬರು ವಿಮಾನದ ಬಾಂಬ್ ಬಿತ್ತು ಅಂತಾರೆ. ಸತ್ತವರ ಲೆಕ್ಕ ಕೂಡ ಎರಡು ಕಡೆ ಒಂದೇ ಇರುವುದಿಲ್ಲ. ಇದರಲ್ಲಿ ಯಾವುದನ್ನು ನಂಬೋದು?

ಉತ್ತರಕ್ಕೆ ಒಂದು ನಿಜವಾದ ಹಡಗನ್ನೇ ಎದುರಿಗಿಟ್ಟುಕೊಳ್ಳೋಣ. ಅಮೆರಿಕದ ವಾಹೂ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ನಲ್ಲಿ ಹೆಸರು ಮಾಡಿ, 1943ರ ಅಕ್ಟೋಬರ್‌ನಲ್ಲಿ ಎಲ್ಲರ ಸಮೇತ ಕಾಣೆಯಾದ ಸಬ್‌ಮರೀನ್ ಇದು. ಇದನ್ನೇ ಆರಿಸಿದ್ದಕ್ಕೆ ಎರಡು ಕಾರಣ. ಇದರ ಕಾಗದಪತ್ರ ಚೆನ್ನಾಗಿ ಸಿಗುತ್ತದೆ. ಮತ್ತೆ ಇದರ ಕಥೆಯ ನಡುವೆ ಸುಮಾರು 200 ಭಾರತೀಯ ಸೈನಿಕರ ಸಾವಿದೆ, ನಮ್ಮಲ್ಲಿ ಅದರ ಬಗ್ಗೆ ಮಾತಾಡಿದವರು ಬಹಳ ಕಡಿಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ಪಕ್ಷದ ದಾಖಲೆ ಓದಿ ಸಬ್‌ಮರೀನ್ ಕಥೆ ಬರೆಯಬೇಡಿ. ಹೊಡೆದವರ ದಾಖಲೆ, ಹೊಡೆಸಿಕೊಂಡವರ ದಾಖಲೆ ಎರಡನ್ನೂ ಅಕ್ಕಪಕ್ಕ ಇಟ್ಟು ದಿನಾಂಕ, ಹೊತ್ತು, ಜಾಗ ತಾಳೆ ನೋಡಬೇಕು. ಕೆಳಗೆ ಬರೋದೆಲ್ಲ ಇದನ್ನು ಮಾಡುವ ದಾರಿ ಅಷ್ಟೇ.

ಹೆಸರು ಬಿಡಿ, ನಂಬರ್ ಹಿಡಿಯಿರಿ

ನೌಕಾಪಡೆಗಳು ಮುಳುಗಿದ ಹಡಗಿನ ಹೆಸರನ್ನು ಆಮೇಲೆ ಹೊಸ ಹಡಗಿಗೆ ಇಡುತ್ತವೆ. ವಾಹೂ ಅಂತ ಹುಡುಕಿದರೆ 1952ರಲ್ಲಿ ಸೇವೆಗೆ ಬಂದ ಇನ್ನೊಂದು ವಾಹೂ ಕೂಡ ಬಂದು ಕೂರುತ್ತದೆ. ನಮಗೆ ಬೇಕಾದದ್ದು ಎಸ್‌ಎಸ್-238. ಗ್ಯಾಟೋ ವರ್ಗ, ಕ್ಯಾಲಿಫೋರ್ನಿಯಾದ ಮೇರ್ ಐಲ್ಯಾಂಡ್‌ನಲ್ಲಿ ಕಟ್ಟಿದ್ದು, 1942ರ ಮೇ 15ರಂದು ಸೇವೆಗೆ ಸೇರಿದ್ದು. ಜರ್ಮನಿಯ ಸಬ್‌ಮರೀನ್‌ಗಳಲ್ಲಿ, ಅಂದರೆ ಯು-ಬೋಟ್‌ಗಳಲ್ಲಿ, ನಂಬರೇ ಹೆಸರು, ಹಾಗಾಗಿ ಅಲ್ಲಿ ಈ ತಾಪತ್ರಯ ಕಡಿಮೆ.

ಜಪಾನಿನ ವಾಣಿಜ್ಯ ಹಡಗುಗಳ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಬಹುತೇಕ ಎಲ್ಲ ಹೆಸರುಗಳ ಕೊನೆಗೂ ಮಾರು ಅಂತ ಇರುತ್ತದೆ, ಒಂದೇ ಹೆಸರಿನವು ಹಲವಾರು. ಹೆಸರಿನ ಜೊತೆ ಟನ್ ಎಷ್ಟು, ಯಾವ ತಾರೀಖು ಅನ್ನುವುದು ಹೊಂದಿದರೆ ಮಾತ್ರ ಅದೇ ಹಡಗು ಅಂತ ಒಪ್ಪಿಕೊಳ್ಳಿ.

ಟನ್ ಅಂದಾಗ ಇನ್ನೊಂದು ವಿಷಯ ನೆನಪಾಯಿತು. ವಾಣಿಜ್ಯ ಹಡಗಿನ ಟನ್ ತೂಕ ಅಲ್ಲ, ಒಳಗಿನ ಜಾಗದ ಅಳತೆ. ನೂರು ಘನ ಅಡಿಗೆ ಒಂದು ಟನ್. ಯುದ್ಧ ಹಡಗಿನದು ಮಾತ್ರ ತೂಕದ ಲೆಕ್ಕ, ಅದು ಸರಿಸುವ ನೀರಿನ ತೂಕ. ಎರಡನ್ನೂ ಕೂಡಿಸಿ ಇಷ್ಟು ಸಾವಿರ ಟನ್ ಮುಳುಗಿಸಿತು ಅಂತ ಬರೆಯುವವರು ಬೇಕಾದಷ್ಟಿದ್ದಾರೆ. ಕೂಡಿಸುವಾಗ ಎರಡೂ ಬೇರೆ ಅಂತ ಗೊತ್ತಿರಲಿ.

ಗಸ್ತು ವರದಿ ಓದುವ ಕ್ರಮ

ಅಮೆರಿಕದ ಸಬ್‌ಮರೀನ್ ಒಂದೊಂದು ಗಸ್ತು ಮುಗಿಸಿ ಬಂದಾಗಲೂ ಕ್ಯಾಪ್ಟನ್ ಒಂದು ವರದಿ ಬರೆದು ಕೊಡಬೇಕಿತ್ತು. ಇವು ಈಗ ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಸ್ಕ್ಯಾನ್ ಆಗಿ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬ್ರಿಟಿಷ್ ಸಬ್‌ಮರೀನ್ ಲಾಗ್‌ಗಳು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಎಡಿಎಂ 173 ಅನ್ನುವ ಸರಣಿಯಲ್ಲಿವೆ. ಜಪಾನಿನ ಕಡೆಯದಕ್ಕೆ ಏಷ್ಯಾ ಐತಿಹಾಸಿಕ ದಾಖಲೆಗಳ ಕೇಂದ್ರದ ಆನ್‌ಲೈನ್ ಸಂಗ್ರಹ ಇದೆ. ಭಾಷೆ ಬಾರದಿದ್ದರೂ ಹಡಗಿನ ಹೆಸರು ಮತ್ತು ತಾರೀಖು ಹಿಡಿದು ಅನುವಾದದ ಆ್ಯಪ್ ಇಟ್ಟುಕೊಂಡು ಒಂದಿಷ್ಟು ದೂರ ಹೋಗಬಹುದು.

ವರದಿ ತೆರೆದ ಕೂಡಲೇ ದಾಳಿಯ ಪುಟಕ್ಕೆ ಹಾರಬೇಡಿ. ಮೊದಲು ಗಡಿಯಾರ ಯಾವ ವಲಯದ್ದು ಅಂತ ನೋಡಿ. ಪೆಸಿಫಿಕ್‌ನಲ್ಲಿ ದಿನಾಂಕ ರೇಖೆ ದಾಟಿದರೆ ತಾರೀಖೇ ಬದಲಾಗುತ್ತದೆ. ಪರ್ಲ್ ಹಾರ್ಬರ್ ದಾಳಿ ಅಮೆರಿಕಕ್ಕೆ ಡಿಸೆಂಬರ್ 7, ಜಪಾನಿಗೆ 8. ಎರಡು ದಾಖಲೆಗಳ ನಡುವೆ ಒಂದು ದಿನದ ವ್ಯತ್ಯಾಸ ಕಂಡರೆ ಯಾರೋ ಸುಳ್ಳು ಹೇಳಿದ್ದಾರೆ ಅಂದುಕೊಳ್ಳುವ ಮೊದಲು ಇದನ್ನು ಪರೀಕ್ಷೆ ಮಾಡಿ.

ಆಮೇಲೆ ನಿರೂಪಣೆ, ಹವಾಮಾನ, ಕಂಡ ಹಡಗುಗಳ ಪಟ್ಟಿ, ಪ್ರತಿ ಟಾರ್ಪಿಡೊದ (ನೀರಡಿ ಓಡಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ವಿವರ, ರಿಪೇರಿಗೆ ಬಂದ ಭಾಗಗಳು, ಇಂಧನ, ಆಹಾರ, ಸಿಬ್ಬಂದಿಯ ಆರೋಗ್ಯ ಎಲ್ಲ ಬರುತ್ತದೆ. ಜನ ಸಾಮಾನ್ಯವಾಗಿ ಬಿಟ್ಟು ಹೋಗುವುದು ಟಾರ್ಪಿಡೊ ಕೋಷ್ಟಕ ಮತ್ತು ವರದಿಗೆ ಮೇಲಧಿಕಾರಿಗಳು ಬರೆದು ಸೇರಿಸಿದ ಷರಾ. ಮಜಾ ಇರೋದೇ ಅಲ್ಲಿ. ಕ್ಯಾಪ್ಟನ್ ಏನು ಹೇಳಿದ, ಹೆಡ್ ಆಫೀಸು ಎಷ್ಟನ್ನು ಒಪ್ಪಿಕೊಂಡಿತು ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ.

ವಾಹೂವಿನ ಆರನೇ ಗಸ್ತನ್ನೇ ನೋಡಿ. 1943ರ ಆಗಸ್ಟ್, ಜಪಾನ್ ಸಮುದ್ರ. ನಾಲ್ಕು ದಿನದಲ್ಲಿ ಹನ್ನೆರಡು ಹಡಗು ಕಂಡವು, ಒಂಬತ್ತರ ಮೇಲೆ ದಾಳಿ ಮಾಡಿದರು, ಹತ್ತು ಟಾರ್ಪಿಡೊ ಬಿಟ್ಟರು, ಒಂದೂ ಕೆಲಸ ಮಾಡಲಿಲ್ಲ. ಕೆಲವು ನೀರಿನ ಮೇಲೆ ಚಿಮ್ಮಿದವು, ಕೆಲವು ದಿಕ್ಕು ತಪ್ಪಿದವು, ಕೆಲವು ಹಡಗಿನ ಹೊಟ್ಟೆಗೆ ಧಡ್ ಅಂತ ಬಡಿದು ಸಿಡಿಯದೆ ಸುಮ್ಮನಾದವು. ಇದನ್ನು ಓದಿದ ಮೇಲೆ ಆ ಕಾಲದ ಅಮೆರಿಕನ್ ಮಾರ್ಕ್ 14 ಟಾರ್ಪಿಡೊದ ರೋಗ ಏನು ಅಂತ ತಿಳಿದುಕೊಳ್ಳಿ. ಮೂರು ರೋಗ ಒಂದರ ಮೇಲೊಂದು. ಇಟ್ಟ ಆಳಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ ಹೋಗುತ್ತಿತ್ತು. ಹಡಗಿನ ಕಾಂತಕ್ಷೇತ್ರ ತಾಗಿ ಸಿಡಿಯಬೇಕಾದ ಸಾಧನ ಬೇಗ ಸಿಡಿಯುತ್ತಿತ್ತು ಅಥವಾ ಸಿಡಿಯುತ್ತಲೇ ಇರಲಿಲ್ಲ. ಇನ್ನು ನೇರವಾಗಿ ಬಡಿದರೆ ಒಳಗಿನ ಪಿನ್ನೇ ಜಾಮ್ ಆಗುತ್ತಿತ್ತು, ಅಂದರೆ ಗುರಿ ಎಷ್ಟು ಚೆನ್ನಾಗಿ ಇಟ್ಟರೆ ಅಷ್ಟು ಕೆಟ್ಟ ಫಲ. ಒಂದು ರೋಗ ವಾಸಿ ಮಾಡಿದ ಮೇಲೆಯೇ ಇನ್ನೊಂದು ಕಾಣುತ್ತಿತ್ತು, ಹಾಗಾಗಿ ಎಲ್ಲ ಸರಿಹೋಗುವ ಹೊತ್ತಿಗೆ ಯುದ್ಧ ಶುರುವಾಗಿ ಎರಡು ವರ್ಷ ಆಗುತ್ತ ಬಂದಿತ್ತು. ಈ ಹಿನ್ನೆಲೆ ಇಲ್ಲದೆ ಆರನೇ ವರದಿ ಓದಿದರೆ ಕ್ಯಾಪ್ಟನ್ ಡಡ್ಲಿ ಮಾರ್ಟನ್ ಕೈಲಾಗದವನು ಅನ್ನಿಸುತ್ತದೆ. ಇದ್ದು ಓದಿದರೆ, ವಾಪಸ್ ಬಂದವನೇ ಅದೇ ಸಮುದ್ರಕ್ಕೆ ಮತ್ತೆ ಕಳಿಸಿ ಅಂತ ಯಾಕೆ ಕೇಳಿದ ಅನ್ನುವುದು ಅರ್ಥವಾಗುತ್ತದೆ.

ಮುಳುಗಿಸಿದೆ ಅಂದರೆ ಮುಳುಗಿತಾ?

ಇದು ಅತಿ ಮುಖ್ಯವಾದ ಹೆಜ್ಜೆ. ಇಲ್ಲಿ ನಿಧಾನ ಮಾಡಿ.

1943ರ ಜನವರಿ 24. ಮಾರ್ಟನ್‌ಗೆ ಇದು ವಾಹೂ ಕ್ಯಾಪ್ಟನ್ ಆಗಿ ಮೊದಲ ಗಸ್ತು, ಹಡಗಿಗೆ ಮೂರನೆಯದು. ನ್ಯೂಗಿನಿಯ ಉತ್ತರ ಕರಾವಳಿಯ ವೆವಾಕ್ ಬಂದರಿನಲ್ಲಿ ಏನಿದೆ ಅಂತ ನೋಡಿ ಬಾ ಅನ್ನುವ ಆದೇಶ. ಆ ಜಾಗದ ಸರಿಯಾದ ನಕ್ಷೆಯೇ ಹಡಗಿನಲ್ಲಿ ಇರಲಿಲ್ಲ. ಸಿಬ್ಬಂದಿಯಲ್ಲಿ ಒಬ್ಬ ಆಸ್ಟ್ರೇಲಿಯಾದಲ್ಲಿ ಕೊಂಡಿದ್ದ ಶಾಲೆಯ ಅಟ್ಲಾಸ್ ಒಂದಿತ್ತು. ಅದರ ಪುಟವನ್ನು ಕ್ಯಾಮೆರಾ ಮತ್ತು ಸಿಗ್ನಲ್ ದೀಪ ಬಳಸಿ ದೊಡ್ಡದು ಮಾಡಿ, ಅದನ್ನೇ ನಕ್ಷೆ ಮಾಡಿಕೊಂಡು ಒಳಗೆ ನುಗ್ಗಿದರು. ಒಳಗೆ ಹರುಸಾಮೆ ಅನ್ನುವ ಜಪಾನಿ ಡಿಸ್ಟ್ರಾಯರ್, ಅಂದರೆ ವೇಗದ ಯುದ್ಧ ಹಡಗು. ಪೆರಿಸ್ಕೋಪ್‌ನಲ್ಲಿ ಕಣ್ಣಿಟ್ಟವನು ಕ್ಯಾಪ್ಟನ್ ಅಲ್ಲ, ಎರಡನೇ ಅಧಿಕಾರಿ ರಿಚರ್ಡ್ ಓಕೇನ್. ಮಾರ್ಟನ್ ಪಕ್ಕದಲ್ಲಿ ನಿಂತು ಲೆಕ್ಕ ನೋಡುತ್ತಿದ್ದ, ಅದು ಅವನ ಪದ್ಧತಿ. ಮೂರು ಟಾರ್ಪಿಡೊ ಬಿಟ್ಟರು, ತಪ್ಪಿತು. ನಾಲ್ಕನೆಯದೂ ತಪ್ಪಿತು. ಡಿಸ್ಟ್ರಾಯರ್ ತಿರುಗಿ ನೇರ ಇವರ ಮೇಲೇ ಬಂತು. ಐದನೆಯದೂ ಹೋಯಿತು. ಆರನೆಯದನ್ನು ಸುಮಾರು 700 ಮೀಟರ್ ದೂರದಿಂದ ಎದುರುಮುಖವಾಗಿ ಬಿಟ್ಟರು, ಅದು ತಗುಲಿತು.

ನಡು ಮುರಿದ ಹಡಗಿನ ಫೋಟೋ ಕೂಡ ಪೆರಿಸ್ಕೋಪ್‌ನಿಂದ ತೆಗೆದರು. ವರದಿಯಲ್ಲಿ ಡಿಸ್ಟ್ರಾಯರ್ ನಾಶ. ಫೋಟೋ ಇದೆ, ಕಣ್ಣಾರೆ ಕಂಡವರಿದ್ದಾರೆ, ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಜಪಾನಿನ ದಾಖಲೆ ತೆಗೆದರೆ, ಹರುಸಾಮೆಯನ್ನು ದಡಕ್ಕೆ ಹತ್ತಿಸಿ ಉಳಿಸಿಕೊಂಡರು, ರಿಪೇರಿ ಮಾಡಿದರು, ಅದು ಮತ್ತೆ ಯುದ್ಧಕ್ಕೆ ಬಂದು 1944ರ ಜೂನ್‌ನಲ್ಲಿ ವಿಮಾನ ದಾಳಿಯಲ್ಲಿ ಮುಳುಗಿತು. ಮಾರ್ಟನ್ ಸುಳ್ಳು ಬರೆದನಾ? ಇಲ್ಲ. ಕಂಡದ್ದನ್ನು ಬರೆದ. ಪೆರಿಸ್ಕೋಪ್‌ನಲ್ಲಿ ಕಾಣೋದು ಆ ಹೊತ್ತಿನ ಹತ್ತಿಪ್ಪತ್ತು ಸೆಕೆಂಡಿನ ನೋಟ ಮಾತ್ರ.

ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ಪ್ರತಿ ದಾಳಿಗೂ ಮೂರು ಕಾಲಂ ಮಾಡಿ. ಕ್ಯಾಪ್ಟನ್ ಹೇಳಿದ್ದು. ಯುದ್ಧ ಮುಗಿದ ಮೇಲೆ ಸಮಿತಿ ಒಪ್ಪಿದ್ದು. ಶತ್ರುವಿನ ದಾಖಲೆ ಹೇಳುವುದು. ಸಮಿತಿ ಅಂದರೆ ಅಮೆರಿಕದ ಸೇನೆ ಮತ್ತು ನೌಕಾಪಡೆ ಸೇರಿ ಮಾಡಿದ ಜಾನಾಕ್, ಅದರ ಪಟ್ಟಿ 1947ರಲ್ಲಿ ಹೊರಬಂತು. ಆ ಪಟ್ಟಿಯೂ ದೇವರ ವಾಕ್ಯ ಅಲ್ಲ. 500 ಟನ್‌ಗಿಂತ ಚಿಕ್ಕ ವಾಣಿಜ್ಯ ಹಡಗುಗಳನ್ನು ಅವರು ಲೆಕ್ಕಕ್ಕೇ ಹಿಡಿದಿಲ್ಲ, ಬೇರೆ ಲೋಪಗಳೂ ಇವೆ. ವಾಹೂ ಆ ಮೂರನೇ ಗಸ್ತಿನಿಂದ ಫೆಬ್ರವರಿ 7ಕ್ಕೆ ಪರ್ಲ್ ಹಾರ್ಬರ್‌ಗೆ ಬಂದಾಗ ಪೆರಿಸ್ಕೋಪ್‌ಗೆ ಪೊರಕೆ ಕಟ್ಟಿಕೊಂಡು ಬಂತು, ಎಲ್ಲ ಗುಡಿಸಿ ಹಾಕಿದ್ದೇವೆ ಅಂತ. ಇಡೀ ಹಡಗುಗುಂಪನ್ನೇ ಮುಗಿಸಿದೆವು ಅನ್ನುವುದು ಅವರ ಹೇಳಿಕೆ. ಆ ಗಸ್ತಿಗೆ ಸಮಿತಿ ಒಪ್ಪಿದ್ದು ಮೂರು ಹಡಗು, ಸುಮಾರು 11 ಸಾವಿರ ಟನ್.

ಬುಯೋ ಮಾರು

ಅದೇ ಗಸ್ತಿನಲ್ಲಿ, ವೆವಾಕ್ ಆಗಿ ಎರಡು ದಿನಕ್ಕೆ, ಜನವರಿ 26ರಂದು ವಾಹೂ ಹೊಡೆದ ಹಡಗುಗಳಲ್ಲಿ ಬುಯೋ ಮಾರು ಒಂದು. ಸೈನಿಕರನ್ನು ಸಾಗಿಸುತ್ತಿದ್ದ ಹಡಗು. ಅದು ಮುಳುಗಿದ ಮೇಲೆ ವಾಹೂ ಮೇಲೆ ಬಂದು, ನೀರಿನಲ್ಲಿದ್ದ ದೋಣಿಗಳ ಮೇಲೆ ಗುಂಡು ಹಾರಿಸಿತು. ಮಾರ್ಟನ್ ಇದನ್ನು ಮುಚ್ಚಿಡಲಿಲ್ಲ, ವರದಿಯಲ್ಲೇ ಬರೆದಿದ್ದಾನೆ. ತಾವು ಹೊಡೆದ ಮೇಲೆ ದೋಣಿಗಳಿಂದಲೂ ಗುಂಡು ಬಂತು ಅಂತಲೂ ಬರೆದಿದ್ದಾನೆ. ಮೇಲಧಿಕಾರಿಗಳು ಆಕ್ಷೇಪ ಎತ್ತಲಿಲ್ಲ. ಆ ಗಸ್ತಿಗೆ ಅವನಿಗೆ ನೇವಿ ಕ್ರಾಸ್ ಪದಕ ಸಿಕ್ಕಿತು.

ವರದಿಯ ಪ್ರಕಾರ ನೀರಿನಲ್ಲಿದ್ದವರು ಜಪಾನಿ ಪಡೆ. ಜಪಾನಿನ ದಾಖಲೆ ತೆರೆದರೆ ಚಿತ್ರವೇ ಬೇರೆ. ಹಡಗಿನಲ್ಲಿ ಇದ್ದದ್ದು 1,126 ಜನ. ಅದರಲ್ಲಿ 491 ಜನ ಭಾರತೀಯ ಯುದ್ಧಕೈದಿಗಳು, 16ನೇ ಪಂಜಾಬ್ ರೆಜಿಮೆಂಟಿನ ಎರಡನೇ ಬೆಟಾಲಿಯನ್ನಿನವರು. ಮಲಯಾದಲ್ಲಿ ಜಪಾನೀಯರ ವಿರುದ್ಧ ಹೋರಾಡಿ, 1942ರ ಫೆಬ್ರವರಿಯಲ್ಲಿ ಸಿಂಗಪುರ ಶರಣಾದಾಗ ಸೆರೆ ಸಿಕ್ಕ ಸೈನ್ಯದ ಭಾಗ. ಟಾರ್ಪಿಡೊ ದಾಳಿ, ಆಮೇಲಿನ ಗುಂಡು, ಎರಡೂ ಸೇರಿ ಸತ್ತವರು 195 ಭಾರತೀಯರು, 87 ಜಪಾನೀಯರು. ಜಪಾನೀಯರಿಗಿಂತ ಎರಡು ಪಟ್ಟಿಗೂ ಜಾಸ್ತಿ ನಮ್ಮವರು.

ಒಳಗೆ ಕೈದಿಗಳಿದ್ದಾರೆ ಅಂತ ವಾಹೂಗೆ ಗೊತ್ತಿರಲಿಲ್ಲ, ಹಡಗಿನ ಮೇಲೆ ಗುರುತೂ ಇರಲಿಲ್ಲ. ಹಾಗಂತ ದೋಣಿಯಲ್ಲಿದ್ದವರ ಮೇಲೆ ಗುಂಡು ಹಾರಿಸಿದ್ದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ನೀವು ಬರೆಯುವಾಗ ನಿಮ್ಮ ತೀರ್ಮಾನ ಏನೇ ಇರಲಿ, ಈ ಎರಡು ಅಂಕಿಗಳನ್ನು ಬಿಡಬೇಡಿ. ವಾಹೂ ಬಗ್ಗೆ ಬರೆದ ಎಷ್ಟೋ ಲೇಖನಗಳಲ್ಲಿ ಪೊರಕೆ ಇರುತ್ತದೆ, ಪಂಜಾಬ್ ರೆಜಿಮೆಂಟ್ ಇರುವುದಿಲ್ಲ. ಆ ಸೈನಿಕರ ಹೆಸರು ಹುಡುಕಬೇಕಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ತಾಣದಲ್ಲಿ ರೆಜಿಮೆಂಟ್ ಮತ್ತು ತಾರೀಖು ಹಾಕಿ ಸೋಸಬಹುದು.

ಕೊನೆಯ ಗಸ್ತಿಗೆ ವರದಿ ಇರುವುದಿಲ್ಲ

ಕಾಣೆಯಾದ ಸಬ್‌ಮರೀನ್‌ನಲ್ಲಿ ಕೊನೆಯ ಲಾಗ್ ಅದರ ಜೊತೆಗೇ ಮುಳುಗಿರುತ್ತದೆ. ಹಾಗಾಗಿ ಸುತ್ತಲಿನಿಂದ ಬರಬೇಕು. ಹೊರಟ ದಿನ, ಕೊನೆಯ ಸಂಪರ್ಕ, ವಾಪಸ್ ಸುದ್ದಿ ಕೊಡಬೇಕಿದ್ದ ದಿನ, ಪಕ್ಕದಲ್ಲಿ ಗಸ್ತು ಮಾಡುತ್ತಿದ್ದ ಇನ್ನೊಂದು ಸಬ್‌ಮರೀನ್, ಶತ್ರುವಿನ ರೇಡಿಯೋ, ಶತ್ರುವಿನ ದಾಳಿ ವರದಿ. ಇಷ್ಟನ್ನು ಒಂದೇ ಹಾಳೆಯಲ್ಲಿ ತಾರೀಖಿನ ಪ್ರಕಾರ ಬರೆಯಿರಿ.

ವಾಹೂ 1943ರ ಸೆಪ್ಟೆಂಬರ್ 9ಕ್ಕೆ ಪರ್ಲ್ ಹಾರ್ಬರ್ ಬಿಟ್ಟಿತು, 13ಕ್ಕೆ ಮಿಡ್‌ವೇಯಲ್ಲಿ ಎಣ್ಣೆ ತುಂಬಿಸಿಕೊಂಡಿತು. ಈ ಸಲ ಜೊತೆಗಿದ್ದದ್ದು ಮಾರ್ಕ್ 18 ಅನ್ನುವ ಬ್ಯಾಟರಿ ಟಾರ್ಪಿಡೊ. ಅಲ್ಲಿಂದ ಮುಂದೆ ಅಮೆರಿಕಕ್ಕೆ ಅದರಿಂದ ಒಂದು ಮಾತೂ ಬರಲಿಲ್ಲ. ಅಕ್ಟೋಬರ್ 5ರಂದು ಟ್ಸುಶಿಮಾ ಜಲಸಂಧಿ ಹತ್ತಿರ ಕೊನ್ರೋನ್ ಮಾರು ಅನ್ನುವ ಪ್ರಯಾಣಿಕರ ಹಡಗು ಮುಳುಗಿ 544 ಜನ ಸತ್ತರು ಅಂತ ಜಪಾನಿನ ಸುದ್ದಿಸಂಸ್ಥೆ ಡೊಮೇ ಪ್ರಕಟಿಸಿತು. ಆ ಭಾಗದಲ್ಲಿ ಇದ್ದದ್ದು ವಾಹೂ, ಹಾಗಾಗಿ ಅದು ಆವತ್ತಿಗೆ ಬದುಕಿತ್ತು ಅಂತ ಲೆಕ್ಕ. ಡಿಸೆಂಬರ್ 2ಕ್ಕೆ ಹಡಗು ವಾಪಸ್ ಬಂದಿಲ್ಲ ಅಂತ ಅಮೆರಿಕ ಘೋಷಿಸಿತು.

ಯುದ್ಧ ಮುಗಿದ ಮೇಲೆ ಜಪಾನಿನ ದಾಖಲೆಯಲ್ಲಿ ಸಿಕ್ಕಿದ್ದು ಇದು: ಅಕ್ಟೋಬರ್ 11ರಂದು ಹೊಕ್ಕೈಡೋ ಮತ್ತು ಸಖಾಲಿನ್ ನಡುವಿನ ಜಲಸಂಧಿಯಲ್ಲಿ ವಿಮಾನವೊಂದಕ್ಕೆ ನೀರಡಿಯ ಸಬ್‌ಮರೀನ್‌ನ ಜಾಡು, ಎಣ್ಣೆಯ ಪಸೆ ಕಂಡಿತು, ವಿಮಾನಗಳೂ ಹಡಗುಗಳೂ ಸೇರಿ ಗಂಟೆಗಟ್ಟಲೆ ಬಾಂಬ್, ಡೆಪ್ತ್ ಚಾರ್ಜ್ (ನೀರಿನ ಆಳಕ್ಕೆ ಇಳಿದು ಸಿಡಿಯುವ ಬಾಂಬ್) ಹಾಕಿದವು. ಈ ಜಾಗವನ್ನು ಯುರೋಪಿನ ನಕ್ಷೆಗಳಲ್ಲಿ ಲಾ ಪೆರೂಸ್ ಅಂತಲೂ ಜಪಾನಿನ ನಕ್ಷೆಗಳಲ್ಲಿ ಸೋಯಾ ಅಂತಲೂ ಬರೆದಿರುತ್ತಾರೆ, ಎರಡೂ ಹೆಸರಲ್ಲಿ ಹುಡುಕಿ.

ಸರಿ, ಆ ಸಬ್‌ಮರೀನ್ ವಾಹೂನೇ ಅಂತ ಹೇಗೆ ಹೇಳೋದು? ಬೇರೆಯವರನ್ನು ಒಬ್ಬೊಬ್ಬರಾಗಿ ಕಳೆಯುತ್ತಾ ಬರಬೇಕು. ಜಪಾನ್ ಸಮುದ್ರಕ್ಕೆ ಅದೇ ಹೊತ್ತಿಗೆ ಹೋಗಿದ್ದ ಇನ್ನೊಂದು ಅಮೆರಿಕನ್ ಸಬ್‌ಮರೀನ್ ಸಾಫಿಶ್. ಅದರ ವರದಿ ತೆಗೆದರೆ ಅದು ಎರಡು ದಿನ ಮೊದಲೇ, 9ಕ್ಕೆ, ಅದೇ ಜಲಸಂಧಿ ದಾಟುವಾಗ ಗಸ್ತು ದೋಣಿಯಿಂದ ಏಟು ತಿಂದು ತಪ್ಪಿಸಿಕೊಂಡಿದೆ. 11ಕ್ಕೆ ಅಲ್ಲಿ ಇರಬಹುದಾಗಿದ್ದದ್ದು ವಾಹೂ ಒಂದೇ. ಸಾಫಿಶ್ ದಾಟಿ ಹೋದದ್ದೇ ಅಲ್ಲಿನ ಕಾವಲನ್ನು ಎಚ್ಚರಿಸಿತ್ತು ಅನ್ನುವುದೂ ಇದರಿಂದಲೇ ಹೊಳೆಯುತ್ತದೆ.

ಬದುಕಿ ಬಂದವರಿದ್ದರೆ ಕೆಲಸ ಹಗುರ. ಓಕೇನ್ ವಾಹೂ ಬಿಟ್ಟು ಟ್ಯಾಂಗ್ ಅನ್ನುವ ಸಬ್‌ಮರೀನ್‌ಗೆ ಕ್ಯಾಪ್ಟನ್ ಆದ. 1944ರ ಅಕ್ಟೋಬರ್ 25ರಂದು ಅದು ಬಿಟ್ಟ ಕೊನೆಯ ಟಾರ್ಪಿಡೊ ಸುತ್ತು ಹೊಡೆದು ಬಂದು ಅದಕ್ಕೇ ಬಡಿಯಿತು. 87 ಜನರಲ್ಲಿ ಓಕೇನ್ ಸೇರಿ ಒಂಬತ್ತು ಜನ ಉಳಿದರು, ಸೆರೆಯಿಂದ ಬಿಡುಗಡೆಯಾದ ಮೇಲೆ ಅವರೇ ಹೇಳಿದ್ದರಿಂದ ಕಾರಣ ಗೊತ್ತಾಯಿತು. ಅವರಿಲ್ಲದಿದ್ದರೆ ಯಾವುದೋ ಜಪಾನಿ ಹಡಗಿನ ಖಾತೆಗೆ ಬರೆದು ಮುಗಿಸುತ್ತಿದ್ದರೇನೋ.

ಅವಶೇಷ ಸಿಕ್ಕಿದ್ದರೆ

ಕೊನೆಯ ಮಾತು ಸಮುದ್ರದ ತಳದ್ದು. ಜರ್ಮನಿಯ ಯು-869 ಮೊರಾಕ್ಕೊದ ರಬಾತ್ ಹತ್ತಿರ ಮುಳುಗಿತು ಅಂತ ದಶಕಗಳ ಕಾಲ ಪುಸ್ತಕಗಳಲ್ಲಿತ್ತು. 1991ರಲ್ಲಿ ಡೈವರ್‌ಗಳಿಗೆ ಅಮೆರಿಕದ ನ್ಯೂಜೆರ್ಸಿ ಕರಾವಳಿಯಾಚೆ ಒಂದು ಯು-ಬೋಟ್ ಸಿಕ್ಕಿತು, 1997ರಲ್ಲಿ ಬಿಡಿಭಾಗದ ಪೆಟ್ಟಿಗೆಯ ಮೇಲಿನ ನಂಬರ್ ನೋಡಿ ಅದೇ ಯು-869 ಅಂತ ಖಾತ್ರಿಯಾಯಿತು. ಇಡೀ ಅಟ್ಲಾಂಟಿಕ್ ಸಾಗರದಷ್ಟು ತಪ್ಪು ಲೆಕ್ಕ.

ವಾಹೂ ವಿಷಯದಲ್ಲಿ ದಾಖಲೆ ನಿಜವಾಯಿತು. 2006ರ ಜುಲೈನಲ್ಲಿ ರಷ್ಯಾದ ಡೈವರ್‌ಗಳ ತಂಡ ಆ ಜಲಸಂಧಿಯಲ್ಲಿ ಸುಮಾರು 65 ಮೀಟರ್ ಆಳದಲ್ಲಿ ಬಿದ್ದಿದ್ದ ಸಬ್‌ಮರೀನ್‌ನ ಫೋಟೋ ತೆಗೆಯಿತು, ಅಕ್ಟೋಬರ್ 31ರಂದು ಅಮೆರಿಕದ ನೌಕಾಪಡೆ ಇದು ವಾಹೂ ಅಂತ ಒಪ್ಪಿತು. ಕಾನಿಂಗ್ ಟವರ್, ಅಂದರೆ ಹಡಗಿನ ಬೆನ್ನ ಮೇಲಿನ ಗೋಪುರದ ಹತ್ತಿರ ನೇರವಾಗಿ ಬಿದ್ದ ಬಾಂಬಿನ ಗಾಯ. ಮೈನ್ ಇರಬಹುದು ಅನ್ನುವ ಊಹೆಗೆ ಅಲ್ಲಿಗೆ ಜಾಗ ಉಳಿಯಲಿಲ್ಲ. ಸತ್ತವರ ಸಂಖ್ಯೆ ಮಾತ್ರ ಇವತ್ತಿಗೂ ಕೆಲವು ಕಡೆ 79, ಕೆಲವು ಕಡೆ 80. ಇಂಥ ಕಡೆ ಸರಾಸರಿ ತೆಗೆಯೋದು, ಇಷ್ಟವಾದದ್ದನ್ನು ಆರಿಸೋದು ಬೇಡ. ಎರಡನ್ನೂ ಬರೆಯಿರಿ, ಆಮೇಲೆ ಹೆಸರುಗಳ ಪಟ್ಟಿ ತೆಗೆದು ಎಣಿಸಿ. ಮುಳುಗಿದ ಸಬ್‌ಮರೀನ್ ಅಂದರೆ ಯುದ್ಧಸಮಾಧಿ, ಜಾಗದ ನಿಖರ ಅಕ್ಷಾಂಶ ರೇಖಾಂಶ ಸಿಕ್ಕರೂ ಹಂಚದಿರುವುದೇ ಒಳ್ಳೆಯದು.

ನಮ್ಮ ಹತ್ತಿರದವು

ಕಾಗದ ಓದಿ ತಲೆ ಚಿಟ್ಟು ಹಿಡಿದರೆ ವಿಶಾಖಪಟ್ಟಣಕ್ಕೆ ಹೋಗಿ ಬನ್ನಿ. ಬೀಚಿನ ಮೇಲೆ ನಮ್ಮ ನೌಕಾಪಡೆಯ ಹಳೆಯ ಸಬ್‌ಮರೀನ್ ಐಎನ್‌ಎಸ್ ಕುರ್ಸುರ ಮ್ಯೂಸಿಯಂ ಆಗಿ ನಿಂತಿದೆ. ಉದ್ದ 91 ಮೀಟರ್, ವಾಹೂ 95. ಎರಡರಲ್ಲೂ ಮುಂದೆ ಆರು, ಹಿಂದೆ ನಾಲ್ಕು ಟಾರ್ಪಿಡೊ ಕೊಳವೆ. ಟಾರ್ಪಿಡೊ ಕೋಣೆಯಲ್ಲಿ ನಿಂತು, ದುಂಡಗಿನ ಬಾಗಿಲಲ್ಲಿ ಬಗ್ಗಿ ನುಸುಳಿ ಬಂದರೆ ಗಸ್ತು ವರದಿಯಲ್ಲಿ ಮುಂದಿನ ಕೋಣೆಗೆ ನೀರು ನುಗ್ಗಿತು ಅಂತ ಓದಿದಾಗ ಅದು ಏನು ಅಂತ ಮೈಗೆ ತಿಳಿಯುತ್ತದೆ.

ಅದೇ ಊರಿನ ಆಚೆ ಕಡಲಲ್ಲಿ ಪಾಕಿಸ್ತಾನದ ಘಾಜಿ ಇದೆ. 1971ರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಮುಳುಗಿದ್ದು. ಐಎನ್‌ಎಸ್ ರಜಪೂತ್ ಹಾಕಿದ ಡೆಪ್ತ್ ಚಾರ್ಜ್ ಕಾರಣ ಅಂತ ಭಾರತ, ಮೈನ್ ಅಥವಾ ಒಳಗಿನ ಸ್ಫೋಟ ಅಂತ ಪಾಕಿಸ್ತಾನ. ಮೂರು ಕಾಲಂ ಪದ್ಧತಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಇದರ ಹಳೆಯ ಕಾಗದ ಪಾಕಿಸ್ತಾನದಲ್ಲಿ ಹುಡುಕಬೇಡಿ. 1964ರಲ್ಲಿ ಕೈ ಬದಲಾಗುವ ಮುಂಚೆ ಅದು ಅಮೆರಿಕದ ಡಯಾಬ್ಲೊ, ಎಸ್‌ಎಸ್-479. 1945ರ ಆಗಸ್ಟ್‌ನಲ್ಲಿ ಮೊದಲ ಯುದ್ಧ ಗಸ್ತಿಗೆ ಹೊರಟಿತ್ತು, ಅಷ್ಟರಲ್ಲಿ ಯುದ್ಧವೇ ಮುಗಿಯಿತು.

ಆದರೆ ಘಾಜಿಯ ಮೇಲೆ ಜನ ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ. ಹೊಸಬರಿಗೆ ನಾನು ಹೇಳೋದು ಆರ್‌ಒ-110. ಇದೂ ವಿಶಾಖಪಟ್ಟಣದ ಹತ್ತಿರವೇ, 1944ರ ಫೆಬ್ರವರಿ 11ರಂದು ಮುಳುಗಿದ ಜಪಾನಿ ಸಬ್‌ಮರೀನ್. ಕೊಲಂಬೊದಿಂದ ಕಲ್ಕತ್ತಕ್ಕೆ ಹೋಗುತ್ತಿದ್ದ ಹಡಗುಗುಂಪಿನ ಮೇಲೆ ಬಿದ್ದು, ಅಸ್ಫಾಲಿಯನ್ ಅನ್ನುವ ಹಡಗಿಗೆ ಟಾರ್ಪಿಡೊ ಹೊಡೆದು, ಆಮೇಲೆ ಕಾವಲಿನವರ ಕೈಗೆ ಸಿಕ್ಕಿಬಿತ್ತು. ಮುಳುಗಿಸಿದ್ದು ಆಗಿನ ರಾಯಲ್ ಇಂಡಿಯನ್ ನೇವಿಯ ಜಮ್ನಾ, ಜೊತೆಗೆ ಆಸ್ಟ್ರೇಲಿಯಾದ ಇಪ್ಸ್‌ವಿಚ್ ಮತ್ತು ಲಾನ್ಸೆಸ್ಟನ್. ಆಸ್ಟ್ರೇಲಿಯಾದ ಹಡಗುಗಳ ವರದಿಗಳು ಅಲ್ಲಿನ ಯುದ್ಧ ಸ್ಮಾರಕದ ಎಡಬ್ಲ್ಯುಎಂ 78 ಸರಣಿಯಲ್ಲಿ ಮನೆಯಲ್ಲೇ ಕೂತು ಓದಲು ಸಿಗುತ್ತವೆ. ಅವುಗಳ 1944ರ ಫೆಬ್ರವರಿ ಪುಟದಿಂದ ಶುರು ಮಾಡಿ, ಆಮೇಲೆ ಜಪಾನಿನ ಕಡೆಯದಕ್ಕೆ ಕೈ ಹಾಕಿ.